ಮನೆಯಲ್ಲೇ ಕಲಿಕಾ ಲೈಸೆನ್ಸ್ ಪರೀಕ್ಷೆ: ಗಡಿಭಾಗದವರು ತಿಳಿದಿರಬೇಕಾದ ಸಂಗತಿಗಳು

ಅಕ್ಕಲಕೋಟ ತಾಲೂಕಿನ ದುಧನಿ, ಮೈಂದರ್ಗಿ, ನಾಗಣಸೂರ ಕಡೆಯ ಹುಡುಗರಿಗೆ ವಾಹನ ಕಲಿಯುವ ಲೈಸೆನ್ಸ್ ಬೇಕೆಂದರೆ ಮೊದಲೆಲ್ಲ ಸೋಲಾಪುರದ ಆರ್‌ಟಿಓ ಕಚೇರಿಯೇ ಗತಿಯಾಗಿತ್ತು. ಅಕ್ಕಲಕೋಟದಿಂದ ಸೋಲಾಪುರಕ್ಕೆ ಸುಮಾರು 40 ಕಿ.ಮೀ. ದಾರಿ. ಹೋಗಿ ಸರದಿಯಲ್ಲಿ ನಿಂತು, ಕಚೇರಿಯ ಕಂಪ್ಯೂಟರ್ ಮುಂದೆ ಕುಳಿತು ಉತ್ತರ ಒತ್ತಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತಿತ್ತು. ಈ ಪದ್ಧತಿ ಬದಲಾದದ್ದು ಕೊರೊನಾ ಕಾಲದಲ್ಲಿ.

ಹೇಗೆ ಬಂತು?

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆದಾಗ ಸಾರಿಗೆ ಕಚೇರಿಗಳ ಕೆಲಸವೂ ನಿಂತಿತು. 2020ರ ಫೆಬ್ರವರಿ 1ರ ನಂತರ ಅವಧಿ ಮುಗಿದ ಲೈಸೆನ್ಸ್ ಮತ್ತು ವಾಹನದ ಕಾಗದಗಳು ಊರ್ಜಿತವೆಂದೇ ಪರಿಗಣಿಸಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯ ಹೇಳಿತು. ಆ ಗಡುವು ಹಲವು ಸಲ ಮುಂದಕ್ಕೆ ಹೋಗಿ 2021ರ ಅಕ್ಟೋಬರ್ 31ಕ್ಕೆ ಮುಗಿಯಿತು. ಆದರೆ ಇದು ಹಳೆಯ ಲೈಸೆನ್ಸ್ ಇದ್ದವರಿಗೆ ಮಾತ್ರ ಆಸರೆ. ಹೊಸದಾಗಿ ಕಲಿಯುವವರ ಪಾಡೇನು?

2021ರ ಮಾರ್ಚ್‌ನಲ್ಲಿ ಕೇಂದ್ರವು ಆಧಾರ್ ದೃಢೀಕರಣದ ಮೂಲಕ ಕಚೇರಿಗೆ ಬಾರದೆಯೇ ಪಡೆಯಬಹುದಾದ 18 ಸೇವೆಗಳನ್ನು ಪ್ರಕಟಿಸಿತು. ಕಲಿಕಾ ಲೈಸೆನ್ಸ್ ಅವುಗಳಲ್ಲಿ ಒಂದು. ಅದರಂತೆ ಮಹಾರಾಷ್ಟ್ರದಲ್ಲಿ 2021ರ ಜೂನ್ 14ರಂದು ಆಗಿನ ಮುಖ್ಯಮಂತ್ರಿ ಉದ್ಧವ್ ಠಾಕ್ರೆ ಮನೆಯಿಂದಲೇ ಪರೀಕ್ಷೆ ಬರೆಯುವ ಸೌಲಭ್ಯಕ್ಕೆ ಚಾಲನೆ ಕೊಟ್ಟರು. ಆಗ ಅನಿಲ್ ಪರಬ್ ಸಾರಿಗೆ ಸಚಿವರಾಗಿದ್ದರು. ಕೊರೊನಾ ಹೋದರೂ ಸೌಲಭ್ಯ ಉಳಿದುಕೊಂಡಿದೆ.

ಪರೀಕ್ಷೆ ಹೇಗಿರುತ್ತದೆ?

ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಮಹಾರಾಷ್ಟ್ರ ರಾಜ್ಯವನ್ನು ಆರಿಸಿ ಅರ್ಜಿ ತುಂಬಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಓಟಿಪಿ ಬರುತ್ತದೆ. ಆದ್ದರಿಂದ ಆಧಾರ್‌ನಲ್ಲಿರುವ ನಂಬರ್ ಚಾಲ್ತಿಯಲ್ಲಿದೆಯೇ, ಹೆಸರು, ವಿಳಾಸ ಸರಿಯಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಆಧಾರ್ ಬಳಸಲು ಇಷ್ಟವಿಲ್ಲದವರು ಕಚೇರಿಗೆ ಹೋಗಿ ಪರೀಕ್ಷೆ ಕೊಡಬಹುದು.

ಪರೀಕ್ಷೆಗೆ ಮುಂಚೆ ರಸ್ತೆ ಸುರಕ್ಷತೆಯ ವಿಡಿಯೋ ನೋಡಬೇಕು. ಬಳಿಕ ಬರುವ 15 ಪ್ರಶ್ನೆಗಳಲ್ಲಿ ಕನಿಷ್ಠ 9 ಸರಿಯಾಗಬೇಕು, ಅಂದರೆ ನೂರಕ್ಕೆ 60. ಕೇಂದ್ರದ ನಿಯಮದಂತೆ ಒಂದು ವರ್ಗದ ವಾಹನಕ್ಕೆ ಕಲಿಕಾ ಲೈಸೆನ್ಸ್ ಶುಲ್ಕ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ನಪಾಸಾದರೆ ಪರೀಕ್ಷೆಯ ಶುಲ್ಕ ಮತ್ತೆ ಕಟ್ಟಬೇಕು.

ಮರಾಠಿ ಮಾತು, ಕನ್ನಡ ಅರ್ಥ

ನಮ್ಮ ಕಡೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ. ಕನ್ನಡ ಶಾಲೆಯಲ್ಲಿ ಓದಿದ ಹುಡುಗರು ಮರಾಠಿ ಸರಾಗವಾಗಿ ಆಡುತ್ತಾರೆ, ಆದರೆ ಪರೀಕ್ಷೆಯ ಪುಸ್ತಕದ ಮರಾಠಿಗೆ ತಡವರಿಸುತ್ತಾರೆ. ಈ ಮಾತುಗಳನ್ನು ನೆನಪಿಟ್ಟುಕೊಂಡರೆ ಅನುಕೂಲ:

ಶಿಕಾವೂ ಅನುಜ್ಞಪ್ತಿ: ಕಲಿಕಾ ಲೈಸೆನ್ಸ್
ಡಾವೀಕಡೆ: ಎಡಕ್ಕೆ
ಉಜವೀಕಡೆ: ಬಲಕ್ಕೆ
ಪಾದಚಾರಿ: ನಡೆದು ಹೋಗುವವರು
ಏಕೇರಿ ವಾಹತೂಕ್: ಒಂದೇ ದಿಕ್ಕಿನ ಸಂಚಾರ
ಅರುಂದ ಪೂಲ್: ಕಿರಿದಾದ ಸೇತುವೆ
ಗತಿರೋಧಕ: ರಸ್ತೆ ಉಬ್ಬು
ಮನಾಯಿ: ನಿಷೇಧ

ಚಿಹ್ನೆಗಳಿಗೆ ಭಾಷೆಯ ತೊಡಕಿಲ್ಲ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ ಹೇಳುತ್ತದೆ. ಕೆಂಪು ಅಂಚಿನ ವೃತ್ತ ಸಾಮಾನ್ಯವಾಗಿ ನಿಷೇಧ ಹೇಳುತ್ತದೆ. ಎಂಟು ಮೂಲೆಯ ಕೆಂಪು ಫಲಕ ಕಂಡರೆ ನಿಲ್ಲಬೇಕು. ತಲೆಕೆಳಗಾದ ತ್ರಿಕೋನ ಕಂಡರೆ ಎದುರಿನ ರಸ್ತೆಯವರಿಗೆ ದಾರಿ ಬಿಡಬೇಕು.

ಲೈಸೆನ್ಸ್ ಸಿಕ್ಕ ಮೇಲೆ

ಕಲಿಕಾ ಲೈಸೆನ್ಸ್ 6 ತಿಂಗಳು ನಡೆಯುತ್ತದೆ. 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸ್‌ನ ಪರೀಕ್ಷೆಗೆ ಹೋಗಬಹುದು. ಅದು ಮನೆಯಲ್ಲಿ ಆಗುವುದಿಲ್ಲ, ಅಧಿಕಾರಿಯ ಮುಂದೆ ಗಾಡಿ ಓಡಿಸಿಯೇ ತೋರಿಸಬೇಕು.

ಕಲಿಯುವಾಗ ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಮೇಲೆ ಕೆಂಪು 'ಎಲ್' ಅಕ್ಷರ ಇರಬೇಕು. ಪಕ್ಕಾ ಲೈಸೆನ್ಸ್ ಇರುವವರು ಜೊತೆಗಿದ್ದು ಕಲಿಸಬೇಕು. ಬೈಕಿನಲ್ಲಿ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂಡಿಸುವಂತಿಲ್ಲ.

ಗಡಿಯವರು ಪದೇ ಪದೇ ಕೇಳುವ ಪ್ರಶ್ನೆ: ಮಹಾರಾಷ್ಟ್ರದ ಕಲಿಕಾ ಲೈಸೆನ್ಸ್ ಆಳಂದ, ಅಫಜಲಪುರ, ಇಂಡಿ ಕಡೆ ನಡೆಯುತ್ತದೆಯೇ? ನಡೆಯುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 13ನೇ ಕಲಮಿನಂತೆ ಅದು ದೇಶವಿಡೀ ಊರ್ಜಿತ.

ವಯಸ್ಸು 18 ತುಂಬಿರಬೇಕು. 16 ತುಂಬಿದವರಿಗೆ 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ ಅವಕಾಶ. ಈಗ ಓಡಾಡುವ ಪೆಟ್ರೋಲ್ ಸ್ಕೂಟರ್‌ಗಳಲ್ಲಿ ಬಹುಪಾಲು 100 ಸಿಸಿ ಮೀರಿದವು ಎಂಬುದನ್ನು ಪಾಲಕರು ಮರೆಯಬಾರದು. 2019ರ ತಿದ್ದುಪಡಿಯಂತೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಬೇರೆಯವರು ಬರೆದರೆ?

ಸೌಲಭ್ಯ ಬಂದ ಕೆಲವೇ ದಿನಗಳಲ್ಲಿ ಅರ್ಜಿದಾರರ ಬದಲು ಇನ್ನೊಬ್ಬರು ಉತ್ತರ ಒತ್ತುತ್ತಿದ್ದಾರೆಂಬ ದೂರುಗಳು ರಾಜ್ಯದಲ್ಲಿ ಕೇಳಿಬಂದವು. ಓಟಿಪಿ ಹೇಳಿದರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎನ್ನುವವರು ಎಲ್ಲೆಡೆ ಇದ್ದಾರೆ. ಓಟಿಪಿ ಕೊಟ್ಟವರು ಹಣವನ್ನಷ್ಟೇ ಅಲ್ಲ, ತಮ್ಮ ಗುರುತನ್ನೂ ಅವರ ಕೈಗೆ ಕೊಟ್ಟಂತೆ.

ಅಪಘಾತವಾದಾಗ ಇದರ ಬೆಲೆ ತಿಳಿಯುತ್ತದೆ. 2004ರಲ್ಲಿ ಸುಪ್ರೀಂ ಕೋರ್ಟು ಸ್ವರಣ್ ಸಿಂಗ್ ಪ್ರಕರಣದಲ್ಲಿ ಕಲಿಕಾ ಲೈಸೆನ್ಸ್ ಇರುವವನೂ ಲೈಸೆನ್ಸುದಾರನೇ, ಆ ಕಾರಣಕ್ಕಾಗಿ ವಿಮಾ ಕಂಪನಿ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ ಎಂದಿತು. ಆದರೆ ಮಾಲೀಕ ಗೊತ್ತಿದ್ದೂ ಷರತ್ತು ಮುರಿದದ್ದು ಸಾಬೀತಾದರೆ, ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಕಂಪನಿ ಮಾಲೀಕನಿಂದ ವಸೂಲು ಮಾಡಬಹುದು. ಒಂದು ಹೊಲ ಮಾರಿದರೂ ತೀರದ ಮೊತ್ತ ಅದು.

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ದೀಪವಿಲ್ಲದ ಟ್ರೇಲರ್‌ಗಳು, ಹುಣ್ಣಿಮೆ ಗುರುವಾರಗಳಂದು ಸ್ವಾಮಿ ಸಮರ್ಥರ ದರ್ಶನಕ್ಕೆ ನಡೆದು ಬರುವ ಭಕ್ತರು, ಇವರೆಲ್ಲ ನಮ್ಮ ರಸ್ತೆಗಳಲ್ಲೇ ಇರುತ್ತಾರೆ. 15 ಪ್ರಶ್ನೆಗಳಿಗೆ ತಯಾರಾಗಲು ಎರಡು ಸಂಜೆ ಸಾಕು. ಆ ಎರಡು ಸಂಜೆ ನಮ್ಮ ಮಕ್ಕಳು ತಾವೇ ಓದಲಿ, ತಾವೇ ಉತ್ತರ ಒತ್ತಲಿ.