ಉಷ್ಣತೆ, ಆರ್ದ್ರತೆ ಮತ್ತು ಶ್ವಾಸವೈರಾಣುಗಳ ವಾಯುಪ್ರಸಾರ

ಉಡುಪಿ, ಕಾಪು, ಕಾರ್ಕಳಗಳ ಸೀಮೆಯಲ್ಲಿ ಶೀತಜ್ವರದ ಕಾಲವೆಂದರೆ ಮಳೆಗಾಲವೆಂದೇ ಹಿರಿಯರು ಹೇಳುವರು. ಐರೋಪ್ಯ ವೈದ್ಯಗ್ರಂಥಗಳೋ ಅದನ್ನು ಶುಷ್ಕವಾದ ಚಳಿಗಾಲಕ್ಕೆ ಕಟ್ಟಿಟ್ಟಿದ್ದುವು. ಈ ವಿರೋಧವೇ ವಿಷಯದ ಇತಿಹಾಸದ ತಿರುಳು.

ಕೆಮ್ಮುಸೀನುಗಳಿಂದ ಸಿಡಿಯುವ ಸೂಕ್ಷ್ಮ ಹನಿಗಳು ನೆಲ ಸೇರುವ ಮೊದಲೇ ಆರಿ, ಅವುಗಳ ಶೇಷವು ಬಹುಕಾಲ ಗಾಳಿಯಲ್ಲಿ ತೇಲುವುದೆಂದು ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲಿ ಪ್ರತಿಪಾದಿಸಿದನು. 1961ರಲ್ಲಿ ಇಂಗ್ಲೆಂಡಿನ ಹಾರ್ಪರ್, ಇನ್‌ಫ್ಲುಯೆಂಜ ವೈರಾಣು ಒಣಗಾಳಿಯಲ್ಲಿ ದೀರ್ಘಕಾಲ ಬದುಕುವುದೆಂದೂ ಪೋಲಿಯೊ ವೈರಾಣು ತದ್ವಿರುದ್ಧವಾಗಿ ತೇವದಲ್ಲಿ ಉಳಿಯುವುದೆಂದೂ ತೋರಿಸಿದನು. ಎಲ್ಲ ವೈರಾಣುಗಳಿಗೂ ಒಂದೇ ನಿಯಮ ಸಲ್ಲದೆಂಬುದು ಅಂದೇ ಸ್ಪಷ್ಟವಾಗಬೇಕಿತ್ತು. 2007ರಲ್ಲಿ ನ್ಯೂಯಾರ್ಕಿನ ಅನೀಸ್ ಲೋವೆನ್ ಮತ್ತು ಸಂಗಡಿಗರು ಗಿನಿಯಿಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, 5 ಡಿಗ್ರಿ ಸೆಲ್ಸಿಯಸ್‌ನ ತಂಪಿನಲ್ಲಿ ಸೋಂಕು ಸುಲಭವಾಗಿ ಹರಡಿ, 30 ಡಿಗ್ರಿಯಲ್ಲಿ ಗಾಳಿಯ ಮೂಲಕ ಹರಡುವುದೇ ನಿಂತಿತು. 2009ರಲ್ಲಿ ಶಾಮನ್ ಮತ್ತು ಕೋನ್ ಎಂಬವರು ಸಾಪೇಕ್ಷ ಆರ್ದ್ರತೆಗಿಂತ ಗಾಳಿಯಲ್ಲಿರುವ ನೀರಾವಿಯ ನಿರಪೇಕ್ಷ ಪ್ರಮಾಣವೇ ಮುಖ್ಯವೆಂದು ವಾದಿಸಿದರು.

ಆದರೆ ಮಳೆ ಸುರಿಯುವ ಆಟಿ ತಿಂಗಳಿನ ಕರಾವಳಿಯನ್ನು ತಂಪು ಒಣಗಾಳಿಯ ಈ ಸೂತ್ರ ವಿವರಿಸಲಾರದು. ಭಾರತದ ಬಹುಭಾಗದಲ್ಲಿ ಇನ್‌ಫ್ಲುಯೆಂಜ ಉಲ್ಬಣಿಸುವುದು ಮುಂಗಾರಿನಲ್ಲಿ. ಶ್ರೀನಗರದಲ್ಲಿ ಮಾತ್ರ ಹಿಮಕಾಲದಲ್ಲಿ. 2012ರಲ್ಲಿ ವರ್ಜೀನಿಯದ ಲಿನ್ಸಿ ಮಾರ್ ಮತ್ತು ಸಹೋದ್ಯೋಗಿಗಳು ಶ್ಲೇಷ್ಮಯುಕ್ತ ಹನಿಗಳಲ್ಲಿ ಇನ್‌ಫ್ಲುಯೆಂಜ ವೈರಾಣುವಿನ ಆಯುಸ್ಸನ್ನಳೆದು, ಅದು ಶೇಕಡಾ 50ಕ್ಕಿಂತ ಕಡಿಮೆಯ ಆರ್ದ್ರತೆಯಲ್ಲಿ ದೀರ್ಘವೆಂದೂ, ಮಧ್ಯದಲ್ಲಿ ಕುಗ್ಗುವುದೆಂದೂ, ಶೇಕಡಾ 100ರ ಸಮೀಪದಲ್ಲಿ ಪುನಃ ಏರುವುದೆಂದೂ ಕಂಡರು: ಹನಿ ಅರೆ ಆರಿದಾಗ ಅದರೊಳಗಿನ ಲವಣಗಳು ಸಾಂದ್ರವಾಗಿ ವೈರಾಣುವನ್ನು ಹಿಂಸಿಸುವುವು, ಆರದಿದ್ದರೆ ಆ ಪೀಡೆಯಿಲ್ಲ. ಮುಂದಿನ ವರ್ಷವೇ ಟಮೇರಿಯಸ್ ಮತ್ತು ಸಂಗಡಿಗರು ಜಗತ್ತಿನ ಅಂಕಿಅಂಶಗಳನ್ನು ಪರಿಶೀಲಿಸಿ, ಶೀತಶುಷ್ಕ ಹಾಗೂ ಆರ್ದ್ರವರ್ಷಾಕಾಲಗಳೆಂಬ ಎರಡು ಬಗೆಯ ಋತುಗಳನ್ನು ಗುರುತಿಸಿದರು. ಮಳೆಗೆ ಬಾಗಿಲು ಕಿಟಕಿಗಳನ್ನಿಕ್ಕಿ ಜನರು ಒಟ್ಟಾಗಿರುವುದೂ ಇದರಲ್ಲಿ ಸೇರಿರಬಹುದು; ಈ ಮಾನವಕಾರಣವನ್ನು ಪ್ರಯೋಗಶಾಲೆಯ ಪಂಜರ ತೋರಿಸಲಾರದು.

ಹವೆಯ ಪ್ರಶ್ನೆ ಕೊರೊನಾ ಬಂದಾಗ ಮತ್ತೆ ಎದ್ದಿತು. 2020ರ ವಸಂತದಲ್ಲಿ ಬೇಸಗೆಯ ಬಿಸಿಲೇ ಕೊರೊನಾವನ್ನು ಅಳಿಸುವುದೆಂಬ ಆಶೆ ದೇಶದಾದ್ಯಂತ ಹಬ್ಬಿತ್ತು. ಆದರೆ 2021ರ ಮಾರ್ಚ್‌ನಲ್ಲಿ, ಕರಾವಳಿಯ ಧಗೆಯ ನಡುವೆಯೇ, ಉಡುಪಿಯ ಬಳಿಯ ಮಣಿಪಾಲದ ಎಂಜಿನಿಯರಿಂಗ್ ಕಾಲೇಜಿನ ಆವರಣವನ್ನು ನಿರ್ಬಂಧಿತ ವಲಯವೆಂದು ಸಾರಬೇಕಾಯಿತು. ಏಪ್ರಿಲ್ ಮೇಗಳಲ್ಲಿ ಎರಡನೆಯ ಅಲೆ ದೇಶವನ್ನೆಲ್ಲ ಆವರಿಸಿತು. ರೋಗನಿರೋಧಕ ಶಕ್ತಿಯಿಲ್ಲದ ಜನಸಮುದಾಯದಲ್ಲಿ ಹೊಸ ವೈರಾಣುವಿಗೆ ಹವೆಯ ಅನುಕೂಲವು ಅಗತ್ಯವಾಗಿರಲಿಲ್ಲ.