ಥಂಬ್ಸ್ ಡೌನ್

ಒಂದು ಪ್ರಸ್ತಾವವನ್ನೋ ಕೃತಿಯನ್ನೋ ಒಪ್ಪದೆ ತಳ್ಳಿಹಾಕುವುದನ್ನು ಸೂಚಿಸುವ ಇಂಗ್ಲಿಷ್ ನುಡಿಗಟ್ಟು. ಮುಷ್ಟಿ ಬಿಗಿದು ಹೆಬ್ಬೆರಳನ್ನು ನೆಲದತ್ತ ತಿರುಗಿಸುವ ಸನ್ನೆಯ ಹೆಸರೇ ಇಲ್ಲಿ ನುಡಿಗಟ್ಟಾಗಿದೆ. ಪ್ರಾಚೀನ ರೋಮಿನಲ್ಲಿ ಗ್ಲಾಡಿಯೇಟರ್, ಅಂದರೆ ಜನರ ಮನರಂಜನೆಗಾಗಿ ಆಯುಧ ಹಿಡಿದು ಕಾದುತ್ತಿದ್ದ ಕಟ್ಟಾಳು, ಸೋತು ಬಿದ್ದಾಗ ಪ್ರೇಕ್ಷಕರು ಇದೇ ಸನ್ನೆಯಿಂದ ಅವನ ಕೊಲೆಗೆ ಅಪ್ಪಣೆ ಕೊಡುತ್ತಿದ್ದರೆಂಬ ನಂಬಿಕೆ ವ್ಯಾಪಕವಾಗಿದ್ದರೂ ರೋಮನ್ ಆಕರಗಳಲ್ಲಿ ಅದಕ್ಕೆ ಸ್ಪಷ್ಟ ಆಧಾರವಿಲ್ಲ.

ಈ ನಂಬಿಕೆಗೆ ಎಡೆಮಾಡಿಕೊಟ್ಟದ್ದು 'ಪೊಲಿಚೆ ವೆರ್ಸೊ', ಅಂದರೆ 'ತಿರುಗಿಸಿದ ಹೆಬ್ಬೆರಳಿನಿಂದ', ಎಂಬ ಲ್ಯಾಟಿನ್ ಪದಪುಂಜ. ಕ್ರಿ.ಶ. ಎರಡನೆಯ ಶತಮಾನದ ಆರಂಭದ ವಿಡಂಬನಕವಿ ಜುವೆನಾಲ್ ತನ್ನ ಮೂರನೆಯ ವಿಡಂಬನೆಯಲ್ಲಿ, ಹೊಸದಾಗಿ ಹಣವಂತರಾದವರು ತಾವೇ ಕಾಳಗಗಳನ್ನು ಏರ್ಪಡಿಸಿ, ಜನ ಹೆಬ್ಬೆರಳು ತಿರುಗಿಸಿದೊಡನೆ ಅವರ ಮೆಚ್ಚುಗೆಗಾಗಿ ಕೊಲ್ಲಿಸುತ್ತಾರೆಂದು ಕಿಡಿಕಾರುತ್ತಾನೆ. ಬೆರಳು 'ತಿರುಗಿತು' ಎಂಬುದಷ್ಟೇ ಇಲ್ಲಿ ಖಚಿತ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಕವಿ ಹೇಳುವುದಿಲ್ಲ, ಅವನ ಓದುಗರಿಗೆ ಅದನ್ನು ಹೇಳಬೇಕಾಗಿಯೂ ಇರಲಿಲ್ಲ. ಐದನೆಯ ಶತಮಾನದ ಮೊದಲಲ್ಲಿ ಬರೆದ ಕ್ರೈಸ್ತ ಕವಿ ಪ್ರುಡೆಂಟಿಯಸ್, ವೆಸ್ಟಾ ದೇವತೆಯ ಕನ್ಯಾಪೂಜಾರಿಣಿಯೊಬ್ಬಳು ಹೀಗೆಯೇ ಬೆರಳು ತಿರುಗಿಸಿ ಸಾವನ್ನು ವಿಧಿಸಿದಳೆನ್ನುವಾಗಲೂ ದಿಕ್ಕಿನ ಮಾತು ಬರುವುದಿಲ್ಲ. ಆದರೆ ಹೆಬ್ಬೆರಳನ್ನು ಒತ್ತಿ ಹಿಡಿಯುವುದು ಒಲವಿನ ಗುರುತೆಂದು ರೋಮನ್ ಲೇಖಕ ಹಿರಿಯ ಪ್ಲಿನಿ ತನ್ನ 'ನಿಸರ್ಗ ಚರಿತ್ರೆ'ಯಲ್ಲಿ ದಾಖಲಿಸಿದ್ದಾನೆ. ಸೋತವನಿಗೆ ಪ್ರಾಣಭಿಕ್ಷೆ ಕೋರಲು ಜನ ಕೈವಸ್ತ್ರ ಬೀಸುತ್ತಿದ್ದುದು ಮಾರ್ಷಲ್ ಕವಿಯ ಪದ್ಯವೊಂದರಿಂದ ತಿಳಿಯುತ್ತದೆ. ಇಂಥ ಆಕರಗಳನ್ನು ಕೂಡಿಸಿ ನೋಡಿದ ಅಮೆರಿಕದ ವಿದ್ವಾಂಸ ಆಂಥೊನಿ ಕಾರ್ಬೆಯ್ಲ್, ಮುಷ್ಟಿಯ ಮೇಲೆ ಒತ್ತಿದ ಹೆಬ್ಬೆರಳು ಕ್ಷಮೆಯನ್ನೂ ಮೇಲಕ್ಕೆ ಚಾಚಿದ ಹೆಬ್ಬೆರಳು ಮರಣವನ್ನೂ ಸೂಚಿಸುತ್ತಿದ್ದಿರಬೇಕೆಂದು ವಾದಿಸಿದ್ದಾರೆ. ಈ ವಾದ ಕೊನೆಯ ಮಾತಲ್ಲದಿದ್ದರೂ ಜನಪ್ರಿಯ ಕಲ್ಪನೆಗಿಂತ ಗಟ್ಟಿಯಾದ ನೆಲೆಯ ಮೇಲೆ ನಿಂತಿದೆ.

1693ರಲ್ಲಿ ಪ್ರಕಟವಾದ ಜುವೆನಾಲನ ಇಂಗ್ಲಿಷ್ ಅನುವಾದದಲ್ಲಿ ಕವಿ ಜಾನ್ ಡ್ರೈಡನ್ ಹೆಬ್ಬೆರಳನ್ನು ಹಿಂದಕ್ಕೆ ಬಾಗಿಸಿದನೇ ಹೊರತು ಕೆಳಕ್ಕಿಳಿಸಲಿಲ್ಲ. ಕೆಳಮುಖದ ಬೆರಳನ್ನು ಜನಮನದಲ್ಲಿ ನೆಲೆಗೊಳಿಸಿದ್ದು ಫ್ರೆಂಚ್ ಚಿತ್ರಕಾರ ಜಾನ್-ಲಿಯೋನ್ ಜೆರೋಮ್ 1872ರಲ್ಲಿ ಮುಗಿಸಿದ 'ಪೊಲಿಚೆ ವೆರ್ಸೊ' ಎಂಬ ತೈಲಚಿತ್ರ. ಬಿದ್ದವನ ಕತ್ತಿನ ಮೇಲೆ ಕಾಲಿಟ್ಟು ನಿಂತ ವಿಜಯಿ ಮುಖವೆತ್ತಿ ನೋಡುತ್ತಿದ್ದರೆ, ಬಿಳಿಯುಡುಗೆಯ ಪೂಜಾರಿಣಿಯರು ಆವೇಶದಿಂದ ಹೆಬ್ಬೆರಳುಗಳನ್ನು ಕೆಳಕ್ಕೆ ಚಾಚಿದ್ದಾರೆ. ಶಿರಸ್ತ್ರಾಣ, ಕವಚಗಳನ್ನು ಜೆರೋಮ್ ಅಭ್ಯಾಸಮಾಡಿ ಬರೆದಿದ್ದರಿಂದ ಬೆರಳಿನ ದಿಕ್ಕೂ ಅಷ್ಟೇ ಪ್ರಮಾಣಬದ್ಧವೆಂದು ನೋಡುಗರು ನಂಬಿದ್ದು ಸಹಜವೇ. ಇಂದು ಅರಿಜೋನಾದ ಫೀನಿಕ್ಸ್ ಕಲಾ ಸಂಗ್ರಹಾಲಯದಲ್ಲಿರುವ ಈ ಚಿತ್ರ ಮುದ್ರಿತ ಪ್ರತಿಗಳ ಮೂಲಕ ದೂರದೂರಕ್ಕೆ ಹಬ್ಬಿತು. ನುಡಿಗಟ್ಟು ತಿರಸ್ಕಾರದ ಅರ್ಥದಲ್ಲಿ ಬಳಕೆಗೆ ಬಂದು ಬೇರೂರಿದ್ದು ಇಪ್ಪತ್ತನೆಯ ಶತಮಾನದಲ್ಲಿ.

1980ರ ದಶಕದಲ್ಲಿ ಷಿಕಾಗೋದ ಚಿತ್ರವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ ದೂರದರ್ಶನದಲ್ಲಿ ಹೆಬ್ಬೆರಳನ್ನು ಏರಿಸಿ ಇಳಿಸಿ ತೀರ್ಪು ಕೊಡತೊಡಗಿದಾಗ ಅದು ವಿಮರ್ಶೆಯ ಪರಿಭಾಷೆಗೂ ಸೇರಿತು. ರಿಡ್ಲಿ ಸ್ಕಾಟ್ 2000ದ 'ಗ್ಲಾಡಿಯೇಟರ್' ಚಲನಚಿತ್ರವನ್ನು ನಿರ್ದೇಶಿಸಲು ಒಪ್ಪಿದ್ದು ಜೆರೋಮನ ಚಿತ್ರದ ಪ್ರತಿಯನ್ನು ಕಂಡ ಮೇಲೆ. ಅದರಲ್ಲಿ ಸಾಮ್ರಾಟ ಕೊಮೊಡಸ್ ಹೆಬ್ಬೆರಳನ್ನು ಮೇಲೆತ್ತಿ ನಾಯಕನ ಪ್ರಾಣ ಉಳಿಸುತ್ತಾನೆ. ಕಾರ್ಬೆಯ್ಲ್ ಅವರ ಓದನ್ನು ಒಪ್ಪುವುದಾದರೆ ರೋಮಿನ ಪ್ರೇಕ್ಷಕರಿಗೆ ಅದೇ ಮರಣದ ಆಜ್ಞೆಯಾಗಿರುತ್ತಿತ್ತು.