ಧಾನ್ಯ ಶೇಖರಣೆ (ಮನೆಯಲ್ಲಿ)

ಅಕ್ಕಿ, ಬೇಳೆ, ಗೋಧಿಯಂಥ ಒಣ ಪದಾರ್ಥಗಳನ್ನು ತೇವ, ಗಾಳಿ, ಬೆಳಕು, ಹುಳುಗಳಿಂದ ದೂರವಿಟ್ಟು ಬಹುಕಾಲ ಕಾಪಾಡುವ ಕ್ರಮ. ಕರ್ನಾಟಕದಲ್ಲಿ ತೊಗರಿಬೇಳೆಗೆ ಹರಳೆಣ್ಣೆ ಸವರಿ ಬಿಸಿಲಿಗಿಡುವುದು, ಧಾನ್ಯದ ನಡುವೆ ಒಣ ಬೇವಿನ ಸೊಪ್ಪು ಹಾಕುವುದು ರೂಢಿ. ರಾಗಿಗೆ ಹಗೇವು ಎಂಬ ನೆಲದೊಳಗಿನ ಗುಂಡಿ ಇತ್ತು.

ಈಚಿನ ವಿಧಾನದಲ್ಲಿ ಅಲ್ಯೂಮಿನಿಯಂ ಪದರದ ಚೀಲಕ್ಕೆ ಧಾನ್ಯ ತುಂಬಿ, ಕಬ್ಬಿಣದ ಪುಡಿಯಿರುವ ಸಣ್ಣ ಪೊಟ್ಟಣವಿಟ್ಟು, ಬಾಯಿಯನ್ನು ಶಾಖದಿಂದ ಅಂಟಿಸುತ್ತಾರೆ. ಪುಡಿ ತುಕ್ಕು ಹಿಡಿಯುತ್ತ ಒಳಗಿನ ಆಮ್ಲಜನಕವನ್ನು ಹೀರುತ್ತದೆ. ಉಸಿರಾಡಲಾಗದೆ ಹುಳುಗಳು ಸಾಯುತ್ತವೆ. ಹರಳೆಣ್ಣೆಗಿಂತ ದುಬಾರಿ, ಆದರೆ ಹೆಚ್ಚು ಖಚಿತ. ತೇವ ಉಳಿದ ಆಹಾರಕ್ಕೆ ಮಾತ್ರ ಇದು ಸಲ್ಲದು: ಗಾಳಿಯಿಲ್ಲದೆಡೆ ಬೆಳೆಯುವ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಬ್ಯಾಕ್ಟೀರಿಯಾ ಮಾರಕ ವಿಷ ಉಂಟುಮಾಡಬಲ್ಲದು. ಸಕ್ಕರೆಗೆ ಪೊಟ್ಟಣ ಬೇಡ, ಗಟ್ಟಿಕಟ್ಟುತ್ತದೆ. ಹೀಗೆ ಅಂಟಿಸಿ ತಂಪು ಜಾಗದಲ್ಲಿಟ್ಟರೆ ಪಾಲಿಷ್ ಅಕ್ಕಿ ದಶಕಗಳವರೆಗೂ ಉಳಿಯುತ್ತದೆ. ತೌಡಿನ ಎಣ್ಣೆಯಂಶವಿರುವ ಕೆಂಪಕ್ಕಿ ಬೇಗ ಕಮಟುತ್ತದೆ.